ಬೊಕ್ಕಸದ ಬೀಗದ ಕೈ: ಇಂಗ್ಲೆಂಡಿನ ದೊರೆಗಳೂ ಪಾರ್ಲಿಮೆಂಟೂ ನೂರು ವರ್ಷ ಕಾದಾಡಿದ್ದು ಯಾಕೆ

ಬಕಿಂಗ್‌ಹ್ಯಾಮ್‌ಷೈರ್‌ನ ಜಮೀನುದಾರ ಜಾನ್ ಹ್ಯಾಂಪ್ಡೆನ್ ಸ್ಟೋಕ್ ಮ್ಯಾಂಡೆವಿಲ್ ಎಂಬ ಹಳ್ಳಿಯ ತನ್ನ ಜಮೀನಿಗೆ ಕಟ್ಟಬೇಕಿದ್ದ, ಪಾರ್ಲಿಮೆಂಟನ್ನು ಕೇಳದೆ ದೊರೆ ಹಾಕಿದ್ದ ತೆರಿಗೆ 20 ಶಿಲಿಂಗ್. ನಮ್ಮಲ್ಲಿ ಹಿಂದೆ 16 ಆಣೆಗೆ ಒಂದು ರೂಪಾಯಿ ಇದ್ದ ಹಾಗೆ ಅಲ್ಲಿ 20 ಶಿಲಿಂಗ್‌ಗೆ ಒಂದು ಪೌಂಡ್. ಕೌಂಟಿಯ, ಅಂದರೆ ಜಿಲ್ಲೆಯ, ದೊಡ್ಡ ಶ್ರೀಮಂತರಲ್ಲಿ ಒಬ್ಬನಾಗಿದ್ದ ಅವನಿಗೆ ಒಂದು ಪೌಂಡ್ ಲೆಕ್ಕಕ್ಕೇ ಇಲ್ಲದ ದುಡ್ಡು. ಆದರೂ ಕಟ್ಟಲಿಲ್ಲ. ಮೊಕದ್ದಮೆ 1637ರ ಕೊನೆಯಲ್ಲಿ ದೇಶದ ಹನ್ನೆರಡು ಮಂದಿ ಹಿರಿಯ ನ್ಯಾಯಾಧೀಶರ ಮುಂದೆ ಬಂತು. ಮರುವರ್ಷ ತೀರ್ಪು ಹೊರಬಿದ್ದಾಗ ಏಳು ಮಂದಿ ದೊರೆಯ ಪರ, ಐದು ಮಂದಿ ಹ್ಯಾಂಪ್ಡೆನ್ ಪರ.

ಈ ಒಂದು ಪೌಂಡಿನ ಜಗಳ ಅರ್ಥವಾದರೆ ಆ ಶತಮಾನದ ಅರ್ಧ ಅರ್ಥವಾದಂತೆ. 1628ರ ಹಕ್ಕುಗಳ ಮನವಿ, 1649ರಲ್ಲಿ ರಾಜನ ಶಿರಚ್ಛೇದ, 1688ರ ಕ್ರಾಂತಿ, 1689ರ ಹಕ್ಕುಗಳ ಮಸೂದೆ ಎಂದು ಇಸವಿಗಳನ್ನು ನಾವು ಬಾಯಿಪಾಠ ಮಾಡಿರುತ್ತೇವೆ. ಆದರೆ ಆ ಸಾಲಿನಲ್ಲೇ ಒಂದು ಒಗಟಿದೆ. ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದೆ ತೆರಿಗೆ ಹಾಕಕೂಡದು ಎಂದು 1628ರಲ್ಲೇ ಬರೆದು, ದೊರೆಯಿಂದ ಹೂಂ ಅನ್ನಿಸಿಕೊಂಡಾಗಿತ್ತು. 1689ರಲ್ಲೂ ಬರೆದದ್ದು ಅದನ್ನೇ. ಮೊದಲನೆಯದನ್ನು ದೊರೆ ಕೆಲವೇ ತಿಂಗಳಲ್ಲಿ ಬದಿಗೊತ್ತಿದ. ಎರಡನೆಯದು ಇವತ್ತಿಗೂ ನಿಂತಿದೆ. ಮಾತು ಅದೇ, ಫಲ ಮಾತ್ರ ಬೇರೆ. ಯಾಕೆ ಎಂದು ತಿಳಿಯಬೇಕಾದರೆ ಮೊದಲು ದೊರೆಯ ಬೊಕ್ಕಸ ತುಂಬುತ್ತಿದ್ದ ಬಗೆ ನೋಡಬೇಕು.

ಇಂಗ್ಲೆಂಡಿನಲ್ಲಿ ಹಳೆಯ ಕಾಲದಿಂದ ಬಂದ ನಂಬಿಕೆ ಏನೆಂದರೆ, ಸಮಾಧಾನದ ದಿನಗಳಲ್ಲಿ ದೊರೆ ತನ್ನ ಸ್ವಂತ ಆದಾಯದಲ್ಲೇ ಸಂಸಾರ ತೂಗಿಸಬೇಕು. ಸ್ವಂತ ಆದಾಯ ಅಂದರೆ ಅರಮನೆಯ ಜಮೀನುಗಳ ಗೇಣಿ, ಬಂದರುಗಳ ಸುಂಕ, ಮತ್ತು ಊಳಿಗಮಾನ್ಯ ಕಾಲದ ಕೆಲವು ಹಕ್ಕುಗಳು. ಆ ಹಕ್ಕುಗಳಲ್ಲಿ ಎರಡು ಜನರನ್ನು ಬಹಳ ಕಾಡಿದವು. ಒಂದು, ರಾಜನಿಂದ ಭೂಮಿ ಪಡೆದವನು ಸತ್ತಾಗ ವಾರಸುದಾರ ಅಪ್ರಾಪ್ತನಾಗಿದ್ದರೆ ಆ ಆಸ್ತಿಯ ಪೋಷಕತ್ವ ರಾಜನದು. ರಾಜ ಅದನ್ನು ಯಾರಿಗೆ ಬೇಕಾದರೂ ಮಾರಬಹುದಿತ್ತು. ಕೊಂಡವನು ಹುಡುಗ ದೊಡ್ಡವನಾಗುವುದರೊಳಗೆ ಮರ ಕಡಿದು, ಜಮೀನು ಹಿಂಡಿ ಲಾಭ ಮಾಡಿಕೊಳ್ಳುತ್ತಿದ್ದ. ಇನ್ನೊಂದು, ಅರಮನೆಗೆ ಬೇಕಾದ ದವಸ, ದನ, ಗಾಡಿಗಳನ್ನು ಪೇಟೆ ಬೆಲೆಗಿಂತ ಕಡಿಮೆಗೆ ಎತ್ತುವಳಿ ಮಾಡುವ ಹಕ್ಕು. ಯುದ್ಧ ಬಂದಾಗ ಮಾತ್ರ ದೊರೆ ಪಾರ್ಲಿಮೆಂಟ್ ಕರೆದು ವಿಶೇಷ ತೆರಿಗೆ ಕೇಳಬೇಕು. ಕರೆಯುವುದು, ಮುಂದೂಡುವುದು, ವಿಸರ್ಜಿಸುವುದು ಎಲ್ಲವೂ ಅವನ ಮರ್ಜಿ. ಪಾರ್ಲಿಮೆಂಟ್ ಆಗ ಇಂದಿನಂತೆ ಸದಾ ಇರುವ ಸಂಸ್ಥೆ ಆಗಿರಲಿಲ್ಲ; ಬಂದು ಹೋಗುವ ಸಭೆಯಾಗಿತ್ತು.

ಈ ಏರ್ಪಾಡು 1603ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಇಂಗ್ಲೆಂಡಿನ ಸಿಂಹಾಸನಕ್ಕೂ ಬರುವ ಹೊತ್ತಿಗೆ ಒಳಗಿನಿಂದ ಟೊಳ್ಳಾಗಿತ್ತು. ಹಿಂದಿನ ನೂರು ವರ್ಷಗಳಲ್ಲಿ ಬೆಲೆಗಳು ಹಲವು ಪಟ್ಟು ಏರಿದ್ದವು, ಗೇಣಿಗಳು ಅದಕ್ಕೆ ತಕ್ಕಂತೆ ಏರಿರಲಿಲ್ಲ. ಯುದ್ಧದ ಖರ್ಚಿಗಾಗಿ ಹಿಂದಿನ ರಾಣಿ ಎಲಿಜಬೆತ್ ಅರಮನೆಯ ಜಮೀನನ್ನೇ ಮಾರಿದ್ದಳು. ವಿಶೇಷ ತೆರಿಗೆಯೂ ಸವೆದುಹೋಗಿತ್ತು. ಸಬ್ಸಿಡಿ ಎಂದು ಕರೆಯುತ್ತಿದ್ದ ಆ ತೆರಿಗೆ ಎಲಿಜಬೆತ್ ಆಳ್ವಿಕೆಯ ಆರಂಭದಲ್ಲಿ ಒಂದು ಸಲಕ್ಕೆ ಸುಮಾರು 1 ಲಕ್ಷ 40 ಸಾವಿರ ಪೌಂಡ್ ತರುತ್ತಿದ್ದರೆ, 1620ರ ದಶಕಕ್ಕೆ ಅದರ ಅರ್ಧವೂ ಬರುವುದು ಕಷ್ಟವಾಯಿತು. ಆಸ್ತಿಯ ಬೆಲೆ ಕಟ್ಟುತ್ತಿದ್ದವರು ಆಯಾ ಊರಿನ ಜಮೀನುದಾರರೇ. ನೆಂಟರ, ನೆರೆಯವರ, ಸ್ವಂತದ ಆಸ್ತಿಯನ್ನು ಅವರು ತೀರ ಕಡಿಮೆಗೆ ಬರೆದುಕೊಳ್ಳುತ್ತಿದ್ದರು. ನಾವು ಇಷ್ಟು ಸಬ್ಸಿಡಿ ಕೊಟ್ಟರೂ ದೊರೆಗೆ ಸಾಲದು ಎಂದು ಸಭೆಯಲ್ಲಿ ಗೊಣಗುತ್ತಿದ್ದವರೂ ಇವರೇ. ದೊರೆಯ ದುಂದುಗಾರಿಕೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ, ಜೇಮ್ಸ್ ದುಂದುಗಾರನೂ ಹೌದು. ಆದರೆ ಈ ಇನ್ನೊಂದು ಮುಖವನ್ನು ಮರೆತರೆ ಕಥೆ ಏಕಪಕ್ಷೀಯವಾಗುತ್ತದೆ.

ಜೇಮ್ಸ್ ಕಾಲದಲ್ಲಿ ಸಾಲ 5 ಲಕ್ಷ ಪೌಂಡ್ ದಾಟಿತು. ಅವನ ಖಜಾನೆ ನೋಡಿಕೊಳ್ಳುತ್ತಿದ್ದ ರಾಬರ್ಟ್ ಸೆಸಿಲ್ 1610ರಲ್ಲಿ ಒಂದು ದೊಡ್ಡ ಒಪ್ಪಂದ ಮುಂದಿಟ್ಟ: ಪೋಷಕತ್ವ ಮತ್ತು ಎತ್ತುವಳಿಯ ಹಕ್ಕುಗಳನ್ನು ದೊರೆ ಬಿಟ್ಟುಕೊಡಲಿ, ಬದಲಿಗೆ ಪಾರ್ಲಿಮೆಂಟ್ ವರ್ಷಕ್ಕೆ 2 ಲಕ್ಷ ಪೌಂಡ್ ಕಾಯಂ ಆದಾಯ ಕೊಡಲಿ. ಚೌಕಾಸಿ ತಿಂಗಳುಗಟ್ಟಲೆ ನಡೆದು ಮುರಿದುಬಿತ್ತು. ಸಿಗುವುದು ಸಾಲದು ಎಂದು ದೊರೆಗೆ ಅನುಮಾನ. ಕಾಯಂ ಆದಾಯ ಸಿಕ್ಕಿಬಿಟ್ಟರೆ ದೊರೆ ನಮ್ಮನ್ನು ಇನ್ನು ಕರೆಯುವುದೇ ಇಲ್ಲ ಎಂದು ಸದಸ್ಯರಿಗೆ ಭಯ. ಈ ಭಯವನ್ನು ನೆನಪಿಡಿ. 1685ರಲ್ಲಿ ಅದು ನಿಜವಾಗುತ್ತದೆ.

ಒಪ್ಪಂದ ಕೈಗೂಡದ್ದರಿಂದ ದೊರೆಯ ವಕೀಲರು ಹಳೆಯ ಕಾನೂನಿನ ಸಂದುಗೊಂದುಗಳಲ್ಲಿ ಹಣ ಹುಡುಕತೊಡಗಿದರು. ಒಂದು ಸಂದು ಆಗಲೇ ಸಿಕ್ಕಿತ್ತು. ಒಣದ್ರಾಕ್ಷಿ ತರಿಸುತ್ತಿದ್ದ ಜಾನ್ ಬೇಟ್ ಎಂಬ ವ್ಯಾಪಾರಿ, ಪಾರ್ಲಿಮೆಂಟ್ ಒಪ್ಪದ ಹೆಚ್ಚುವರಿ ಸುಂಕವನ್ನು ಕಟ್ಟಲೊಲ್ಲೆ ಎಂದಾಗ, 1606ರಲ್ಲಿ ಖಜಾನೆಯ ವ್ಯಾಜ್ಯಗಳನ್ನು ನೋಡುವ ಎಕ್ಸ್‌ಚೆಕರ್ ನ್ಯಾಯಾಲಯ ದೊರೆಯ ಪರ ತೀರ್ಪಿತ್ತಿತ್ತು. ವಿದೇಶಿ ವ್ಯಾಪಾರವನ್ನು ನಿಯಂತ್ರಿಸುವುದು ದೊರೆಯ ವಿಶೇಷಾಧಿಕಾರ, ಬಂದರುಗಳು ಅವನ ಬಾಗಿಲುಗಳು, ಬಾಗಿಲಲ್ಲಿ ಸುಂಕ ಹಾಕುವುದೂ ಅವನದೇ ಎಂಬುದು ವಾದ. ಎರಡು ವರ್ಷದಲ್ಲಿ ಹೆಚ್ಚುವರಿ ಸುಂಕ ನೂರಾರು ಸರಕುಗಳಿಗೆ ಹರಡಿತು.

1625ರಲ್ಲಿ ಮಗ ಮೊದಲನೇ ಚಾರ್ಲ್ಸ್ ಪಟ್ಟಕ್ಕೆ ಬಂದ. ಮಾತು ಕಡಿಮೆ, ಹಠ ಹೆಚ್ಚು. ಹೊಸ ದೊರೆಗೆ ಬಂದರು ಸುಂಕವನ್ನು ಜೀವಮಾನಕ್ಕೆ ಮಂಜೂರು ಮಾಡುವುದು ತಲೆಮಾರುಗಳಿಂದ ಬಂದ ವಾಡಿಕೆ. ಪಾರ್ಲಿಮೆಂಟಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್ ಈ ಸಲ ಒಂದೇ ವರ್ಷಕ್ಕೆ ಕೊಡಲು ಹೊರಟಿತು. ಆ ಮಸೂದೆಯೂ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ನಿಂತುಹೋಯಿತು. ಚಾರ್ಲ್ಸ್ ಮಂಜೂರಾತಿ ಇಲ್ಲದೆಯೇ ವಸೂಲಿ ಮುಂದುವರಿಸಿದ. ಸ್ಪೇನ್ ಮೇಲಿನ ಯುದ್ಧ ಕಾಡಿಜ್‌ನಲ್ಲಿ ಮುಖಭಂಗವಾಯಿತು; ಅದರ ಹೊಣೆ ಹೊತ್ತಿದ್ದ ದೊರೆಯ ಆಪ್ತ ಬಕಿಂಗ್‌ಹ್ಯಾಮ್ ಮೇಲೆ 1626ರಲ್ಲಿ ಕಾಮನ್ಸ್ ಮಹಾಭಿಯೋಗ ಹೂಡಿತು. ಆಪ್ತನನ್ನು ಉಳಿಸಲು ದೊರೆ ಸಭೆಯನ್ನೇ ವಿಸರ್ಜಿಸಿ, ಸಿರಿವಂತರಿಂದ ಸಾಲದ ಹೆಸರಲ್ಲಿ ಬಲವಂತದ ವಸೂಲಿಗೆ ಇಳಿದ. ಕೊಡದವರು ಜೈಲಿಗೆ ಹೋದರು. ಅವರಲ್ಲಿ ಐವರು ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನ ಕಾನೂನುಬದ್ಧವೇ ಎಂದು ನ್ಯಾಯಾಲಯ ವಿಚಾರಿಸಲಿ ಎಂಬ ಅರ್ಜಿ ಹಾಕಿದರು. ಬಂಧನಕ್ಕೆ ಕಾರಣವೇನು ಎಂದು ಕೇಳಿದರೆ ಜೈಲಿನಿಂದ ಬಂದ ಉತ್ತರ ಒಂದೇ ಸಾಲಿನದು: ದೊರೆಯ ವಿಶೇಷ ಅಪ್ಪಣೆ. ನ್ಯಾಯಾಲಯ ಅವರಿಗೆ ಜಾಮೀನು ಕೊಡದೆ ವಾಪಸು ಕಳಿಸಿತು.

1628ರ ಹಕ್ಕುಗಳ ಮನವಿ ಈ ಗಾಯದಿಂದ ಹುಟ್ಟಿದ್ದು. ಪಾರ್ಲಿಮೆಂಟ್ ಒಪ್ಪದೆ ತೆರಿಗೆಯಾಗಲಿ ಸಾಲವಾಗಲಿ ಕೇಳಬಾರದು, ಕಾರಣ ತೋರಿಸದೆ ಜೈಲಿಗೆ ಹಾಕಬಾರದು, ಸೈನಿಕರನ್ನು ಜನರ ಮನೆಗಳಲ್ಲಿ ಬಲವಂತವಾಗಿ ಇಳಿಸಬಾರದು, ಶಾಂತಿಯ ಕಾಲದಲ್ಲಿ ನಾಗರಿಕರ ಮೇಲೆ ಸೈನಿಕ ಕಾನೂನು ಹೇರಬಾರದು ಎಂಬ ನಾಲ್ಕು ಅಂಶ. ಹಣದ ಅಡಚಣೆಯಲ್ಲಿದ್ದ ಚಾರ್ಲ್ಸ್ ಜೂನ್ 7ರಂದು ಒಪ್ಪಿಕೊಂಡ. ಬೆನ್ನಲ್ಲೇ, ಬಂದರು ಸುಂಕ ಇದರಲ್ಲಿ ಸೇರಿಲ್ಲ ಎಂದ. ಸುಂಕ ಕೊಡದ ವ್ಯಾಪಾರಿಗಳ ಸರಕು ಜಪ್ತಿಯಾಯಿತು. 1629ರ ಮಾರ್ಚ್ 2ರಂದು ಸಭೆಯನ್ನು ಮುಂದೂಡಲು ದೊರೆಯ ಆದೇಶ ಬಂದಾಗ ಸ್ಪೀಕರ್ ಜಾನ್ ಫಿಂಚ್ ಎದ್ದು ಹೊರಡಲು ನೋಡಿದ. ಸ್ಪೀಕರ್ ಎದ್ದರೆ ಸಭೆ ಮುಗಿದ ಹಾಗೆ. ಡೆನ್ಜಿಲ್ ಹೋಲ್ಸ್ ಮತ್ತು ಬೆಂಜಮಿನ್ ವ್ಯಾಲೆಂಟೈನ್ ಎಂಬ ಸದಸ್ಯರು ಅವನನ್ನು ತೋಳು ಹಿಡಿದು ಕುರ್ಚಿಯಲ್ಲೇ ಅದುಮಿ ಕೂರಿಸಿದರು. ಬಾಗಿಲು ಹಾಕಿತ್ತು, ಹೊರಗೆ ದೊರೆಯ ದೂತ ತಟ್ಟುತ್ತಿದ್ದ. ಒಪ್ಪಿಗೆಯಿಲ್ಲದ ಸುಂಕವನ್ನು ವಸೂಲಿ ಮಾಡಿದವನೂ ಕೊಟ್ಟವನೂ ದೇಶದ ವೈರಿ ಎಂಬ ನಿರ್ಣಯವನ್ನು ಆ ಗದ್ದಲದಲ್ಲೇ ಕೂಗಿ ಅಂಗೀಕರಿಸಿದರು. ಇದರ ಮುಂದಾಳು ಸರ್ ಜಾನ್ ಎಲಿಯಟ್ 1632ರಲ್ಲಿ ಲಂಡನ್ ಟವರ್ ಸೆರೆಯಲ್ಲೇ ಸತ್ತ.

1628ರ ಮನವಿ ಸೋತದ್ದು ಎಲ್ಲಿ ಎಂದು ಈಗ ಕಾಣುತ್ತದೆ. ದೊರೆ ಅದನ್ನು ಮುರಿದರೆ ಏನಾಗುತ್ತದೆ ಎಂದು ಅದರಲ್ಲಿ ಇರಲಿಲ್ಲ. ಅರ್ಥ ಹೇಳಬೇಕಾದ ನ್ಯಾಯಾಧೀಶರು ದೊರೆ ಒಲಿದಿರುವಷ್ಟು ದಿನ ಮಾತ್ರ ಕುರ್ಚಿಯಲ್ಲಿರುವವರು. ದೂರು ಹೇಳಬೇಕಾದ ಸಭೆಯನ್ನು ದೊರೆಯೇ ಕರೆಯಬೇಕು. ಚಾರ್ಲ್ಸ್ ಹನ್ನೊಂದು ವರ್ಷ ಕರೆಯಲೇ ಇಲ್ಲ.

ಆ ಹನ್ನೊಂದು ವರ್ಷದ ಆದಾಯದ ದಾರಿಗಳಲ್ಲಿ ದೊಡ್ಡದು ಶಿಪ್ ಮನಿ, ಅಂದರೆ ಹಡಗಿನ ಹಣ. ಹ್ಯಾಂಪ್ಡೆನ್ ಕಟ್ಟದೆ ನಿಂತದ್ದು ಇದನ್ನೇ. ಯುದ್ಧಭೀತಿ ಇದ್ದಾಗ ಕರಾವಳಿಯ ಊರುಗಳು ಹಡಗು ಒದಗಿಸಬೇಕು, ಇಲ್ಲವೇ ಅದರ ಬೆಲೆ ಕೊಡಬೇಕು ಎಂಬ ಹಳೆಯ ಪದ್ಧತಿಯೇ ಇದರ ಮೂಲ. 1634ರಲ್ಲಿ ಕರಾವಳಿಗೆ ಮಾತ್ರ ಹಾಕಿದ್ದನ್ನು 1635ರಲ್ಲಿ ಸಮುದ್ರವನ್ನೇ ಕಾಣದ ಒಳನಾಡಿಗೂ ಚಾಚಿದರು. ಕೆಲಸ ನಡೆಯುತ್ತಿದ್ದ ರೀತಿ ಹೀಗೆ: ಪ್ರತಿ ಕೌಂಟಿಗೂ ಮೇಲಿನಿಂದಲೇ ಒಂದು ಇಡಿಗಂಟು ಗೊತ್ತುಮಾಡುವುದು, ಬಕಿಂಗ್‌ಹ್ಯಾಮ್‌ಷೈರ್‌ಗೆ 4,500 ಪೌಂಡ್. ಅದನ್ನು ಊರೂರಿಗೆ, ಆಸಾಮಿ ಆಸಾಮಿಗೆ ಹಂಚುವ ಹೊಣೆ ಷರೀಫನದು, ಅಂದರೆ ಕೌಂಟಿಯಲ್ಲಿ ದೊರೆಯ ಅಧಿಕಾರಿಯದು. ಬಾಕಿ ಉಳಿದರೆ ಅವನ ಅಧಿಕಾರದ ವರ್ಷ ಮುಗಿದ ಮೇಲೂ ಅವನೇ ಜವಾಬ್ದಾರ. ಕೊಡದವರ ದನಕರು, ಸಾಮಾನು ಜಪ್ತಿ. ಸಬ್ಸಿಡಿಯಲ್ಲಿದ್ದ ಸೋರಿಕೆ ಇಲ್ಲಿ ಇರಲಿಲ್ಲ, ಯಾಕೆಂದರೆ ಮೊತ್ತ ಮೊದಲೇ ನಿಗದಿ. ವರ್ಷಕ್ಕೆ ಸುಮಾರು 2 ಲಕ್ಷ ಪೌಂಡ್ ಕೇಳಿದರು, ಮೊದಲ ವರ್ಷಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ವಸೂಲಾಯಿತು. ದೊರೆಗಳು ಕಂಡ ತೆರಿಗೆಗಳಲ್ಲೇ ಇದು ದಕ್ಷವಾದದ್ದು ಎನ್ನಬೇಕು. ಜನರಿಗೆ ಭಯ ಹುಟ್ಟಿಸಿದ್ದೂ ಅದೇ.

ಹ್ಯಾಂಪ್ಡೆನ್ ವಕೀಲ ಆಲಿವರ್ ಸೇಂಟ್ ಜಾನ್ ಹೂಡಿದ ವಾದವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಶತ್ರು ಬಾಗಿಲಿಗೆ ಬಂದಾಗ ದೊರೆ ಯಾರನ್ನೂ ಕೇಳದೆ ಏನು ಬೇಕಾದರೂ ಮಾಡಬಹುದು ಎಂದು ಅವನೇ ಒಪ್ಪಿಕೊಂಡ. ಆದರೆ ಈ ಆದೇಶ ಹೊರಟದ್ದು 1635ರ ಆಗಸ್ಟ್‌ನಲ್ಲಿ. ಹಡಗು ಪೋರ್ಟ್ಸ್‌ಮತ್‌ಗೆ ಬರಬೇಕಾದದ್ದು ಮರುವರ್ಷದ ಮಾರ್ಚ್ 1ಕ್ಕೆ. ನಡುವೆ ಸುಮಾರು ಏಳು ತಿಂಗಳು. ಪಾರ್ಲಿಮೆಂಟ್ ಕರೆಯಲು 40 ದಿನದ ನೋಟಿಸ್ ಸಾಕು. ಏಳು ತಿಂಗಳು ಕಾಯಬಲ್ಲ ಅಪಾಯ ತುರ್ತು ಹೇಗಾಗುತ್ತದೆ? ಈಗ ನ್ಯಾಯಾಧೀಶನಾಗಿದ್ದ ಫಿಂಚ್, ಹೌದು, ಒಂಬತ್ತು ವರ್ಷದ ಹಿಂದೆ ಕುರ್ಚಿಯಲ್ಲಿ ಅದುಮಿಸಿಕೊಂಡ ಅದೇ ಫಿಂಚ್, ರಾಜ್ಯ ಕಾಯುವ ಅಧಿಕಾರವನ್ನು ದೊರೆಯಿಂದ ಕಿತ್ತುಕೊಳ್ಳುವ ಯಾವ ಶಾಸನವೂ ಊರ್ಜಿತವಲ್ಲ ಎಂದು ತೀರ್ಪು ಬರೆದ. ಅಪಾಯ ಇದೆಯೋ ಇಲ್ಲವೋ ಎಂದು ಹೇಳುವವನೂ ದೊರೆಯೇ. ಹಾಗಾದರೆ ಯಾರ ಆಸ್ತಿಯೂ ಅವರದಾಗಿ ಉಳಿಯುವುದಿಲ್ಲ ಎಂದು ಜಮೀನುದಾರರಿಗೆ ಹೊಳೆದದ್ದು ಆ ತೀರ್ಪು ಓದಿದಾಗ. ಗೆದ್ದ ಮೊಕದ್ದಮೆಯೇ ದೊರೆಗೆ ಮುಳುವಾಯಿತು. 1639ರ ಹೊತ್ತಿಗೆ ವಸೂಲಿ ನೆಲಕಚ್ಚಿತು.

ದುಡ್ಡಿಗಾಗಿಯೇ ಜನ ಕತ್ತಿ ಹಿಡಿಯುವುದಿಲ್ಲ, ಧರ್ಮದ ಕಿಚ್ಚು ಇಲ್ಲದಿದ್ದರೆ ಯುದ್ಧ ಆಗುತ್ತಿರಲಿಲ್ಲ. ಆರ್ಚ್‌ಬಿಷಪ್ ವಿಲಿಯಂ ಲಾಡ್ ಚರ್ಚಿನ ಪೂಜೆಗೆ ತಂದ ಆಡಂಬರ, ಸರಳ ಪೂಜೆ ಬಯಸುತ್ತಿದ್ದ ಪ್ರಾಟೆಸ್ಟೆಂಟರಾದ ಪ್ಯೂರಿಟನ್ನರ ಕಣ್ಣಿಗೆ ಕ್ಯಾಥೊಲಿಕ್ ಮತ ಹಿಂಬಾಗಿಲಿಂದ ಬಂದಂತೆ ಕಂಡಿತು. ರಾಣಿ ಹೆನ್ರಿಯೆಟಾ ಮರಿಯಾ ಕ್ಯಾಥೊಲಿಕಳೇ ಆಗಿದ್ದದ್ದು ಅನುಮಾನಕ್ಕೆ ಎಣ್ಣೆ ಸುರಿಯಿತು. 1637ರಲ್ಲಿ ಚಾರ್ಲ್ಸ್ ಸ್ಕಾಟ್ಲೆಂಡಿನ ಮೇಲೂ ಹೊಸ ಪ್ರಾರ್ಥನಾ ಪುಸ್ತಕ ಹೇರಿದಾಗ ಎಡಿನ್‌ಬರೋದ ಸೇಂಟ್ ಜೈಲ್ಸ್ ಚರ್ಚಿನಲ್ಲಿ ದೊಂಬಿಯೆದ್ದಿತು, ಸ್ಕಾಟರು ದಂಡು ಕಟ್ಟಿದರು. ದಂಡಿಗೆ ದಂಡು ಬೇಕು, ದಂಡಿಗೆ ದುಡ್ಡು ಬೇಕು. 1640ರ ಏಪ್ರಿಲ್‌ನಲ್ಲಿ ಕರೆದ ಪಾರ್ಲಿಮೆಂಟ್ ಹಳೆಯ ದೂರುಗಳನ್ನು ಬಿಚ್ಚಿದ್ದರಿಂದ ಮೂರೇ ವಾರದಲ್ಲಿ ವಿಸರ್ಜನೆಯಾಯಿತು. ಆಗಸ್ಟ್‌ನಲ್ಲಿ ಸ್ಕಾಟರು ನ್ಯೂಕ್ಯಾಸಲ್ ಹಿಡಿದರು. ರಿಪನ್ ಒಪ್ಪಂದದ ಪ್ರಕಾರ ಆ ದಂಡಿನ ಖರ್ಚಿಗೆ ಚಾರ್ಲ್ಸ್ ದಿನಕ್ಕೆ 850 ಪೌಂಡ್ ಕೊಡಬೇಕಾಯಿತು. ಹಣ ತರಬಲ್ಲದ್ದು ಪಾರ್ಲಿಮೆಂಟ್ ಒಂದೇ. 1640ರ ನವೆಂಬರ್ 3ರಂದು ಸೇರಿದ ಸಭೆಯನ್ನು ದೊರೆ ಓಡಿಸುವಂತಿರಲಿಲ್ಲ.

ಜಾನ್ ಪಿಮ್ ಮುಂದಾಳುತನದ ಆ ಸಭೆ ಒಂದು ವರ್ಷದೊಳಗೆ ಮಾಡಿದ ಕೆಲಸ ದೊಡ್ಡದು. ಮೂರು ವರ್ಷಕ್ಕೊಮ್ಮೆ ಪಾರ್ಲಿಮೆಂಟ್ ಸೇರಲೇಬೇಕು, ಈಗಿನ ಸಭೆಯನ್ನು ಅದರ ಒಪ್ಪಿಗೆಯಿಲ್ಲದೆ ವಿಸರ್ಜಿಸಕೂಡದು, ಶಿಪ್ ಮನಿ ಕಾನೂನುಬಾಹಿರ, ದೊರೆಯ ಸಲಹೆಗಾರರೇ ಕೂರುತ್ತಿದ್ದ ಸ್ಟಾರ್ ಚೇಂಬರ್ ನ್ಯಾಯಾಲಯ ರದ್ದು. ದೊರೆಯ ಬಲಗೈಯಾಗಿದ್ದ ಸ್ಟ್ರಾಫರ್ಡ್‌ನ ತಲೆ 1641ರ ಮೇ 12ರಂದು ಉರುಳಿತು. ಇಷ್ಟಕ್ಕೇ ನಿಂತಿದ್ದರೆ ಯುದ್ಧ ಬೇಕಿರಲಿಲ್ಲ, ಯಾಕೆಂದರೆ ಮುಂದೆ ದೊರೆಯ ಪರ ಹೋರಾಡಿದ ಅನೇಕರು ಈ ಕಾನೂನುಗಳಿಗೆ ಕೈಯೆತ್ತಿದವರೇ. ಅಕ್ಟೋಬರ್‌ನಲ್ಲಿ ಐರ್ಲೆಂಡ್ ದಂಗೆಯೆದ್ದದ್ದು ಎಲ್ಲವನ್ನೂ ಕೆಡಿಸಿತು. ದಂಗೆ ಅಡಗಿಸಲು ಸೇನೆ ಬೇಕೆಂಬುದರಲ್ಲಿ ಭಿನ್ನಮತವಿಲ್ಲ. ಸೇನೆಯ ಲಗಾಮು ಚಾರ್ಲ್ಸ್ ಕೈಗೆ ಕೊಟ್ಟರೆ ಮೊದಲ ದಾಳಿ ಯಾರ ಮೇಲೆ ಎಂಬುದೇ ಪ್ರಶ್ನೆ. ದೊರೆಯ ತಪ್ಪುಗಳನ್ನೆಲ್ಲ 204 ಕಲಮುಗಳಲ್ಲಿ ಪಟ್ಟಿಮಾಡಿದ ಮಹಾ ದೂರುಪತ್ರ ನವೆಂಬರ್‌ನಲ್ಲಿ ಪಾಸಾದದ್ದು 159ಕ್ಕೆ 148 ಮತಗಳಿಂದ, ಹನ್ನೊಂದೇ ಮತದ ಅಂತರ. ಅಂದರೆ ಸಭೆ ಇಬ್ಭಾಗವಾಗಿತ್ತು. ತಾಳ್ಮೆಯಿಂದ ಕಾದಿದ್ದರೆ ಚಾರ್ಲ್ಸ್‌ಗೆ ಬಹುಮತ ಸಿಗುವ ಸಾಧ್ಯತೆ ಇತ್ತು.

ಅವನು ಕಾಯಲಿಲ್ಲ. 1642ರ ಜನವರಿ 4ರಂದು ನೂರಾರು ಶಸ್ತ್ರಧಾರಿಗಳೊಂದಿಗೆ ಕಾಮನ್ಸ್‌ಗೆ ಬಂದು, ಪಿಮ್, ಹ್ಯಾಂಪ್ಡೆನ್, ಹೋಲ್ಸ್, ಹ್ಯಾಸೆಲ್‌ರಿಗ್, ಸ್ಟ್ರೋಡ್ ಎಂಬ ಐವರನ್ನು ಹಿಡಿಯಲು ಒಳಗೆ ನಡೆದ. ಸುಳಿವು ಸಿಕ್ಕಿದ್ದ ಅವರು ದೋಣಿಯಲ್ಲಿ ಲಂಡನ್ ನಗರಕ್ಕೆ ದಾಟಿಯಾಗಿತ್ತು. ಎಲ್ಲಿ ಅವರು ಎಂದು ಕೇಳಿದಾಗ ಸ್ಪೀಕರ್ ವಿಲಿಯಂ ಲೆಂಥಾಲ್ ಮಂಡಿಯೂರಿ, ಈ ಸಭೆ ಅಪ್ಪಣೆ ಕೊಟ್ಟ ಹೊರತು ಇಲ್ಲಿ ನೋಡಲು ನನಗೆ ಕಣ್ಣಿಲ್ಲ, ಆಡಲು ನಾಲಗೆಯಿಲ್ಲ ಎಂದ. 1629ರಲ್ಲಿ ಸ್ಪೀಕರ್ ಫಿಂಚ್‌ನನ್ನು ಸದಸ್ಯರೇ ಹಿಡಿದು ಕೂರಿಸಬೇಕಾಗಿತ್ತು. ಹದಿಮೂರು ವರ್ಷಕ್ಕೆ ಆ ಕುರ್ಚಿ ಸಭೆಯದಾಗಿತ್ತು. ಅಂದಿನಿಂದ ಬ್ರಿಟನ್ನಿನ ಯಾವ ದೊರೆಯೂ ಸಭೆ ನಡೆಯುತ್ತಿರುವಾಗ ಕಾಮನ್ಸ್ ಸಭಾಂಗಣಕ್ಕೆ ಕಾಲಿಟ್ಟಿಲ್ಲ. ಈಗಲೂ ಅಧಿವೇಶನದ ಆರಂಭದ ದಿನ ದೊರೆಯ ದೂತನ ಮುಖಕ್ಕೆ ಬಾಗಿಲು ಹಾಕಿ, ಅವನು ಕೋಲಿನಿಂದ ಮೂರು ಸಲ ತಟ್ಟಿದ ಮೇಲೆ ತೆರೆಯುತ್ತಾರೆ.

1642ರ ಆಗಸ್ಟ್ 22ರಂದು ಚಾರ್ಲ್ಸ್ ನಾಟಿಂಗ್‌ಹ್ಯಾಮ್‌ನಲ್ಲಿ ಯುದ್ಧದ ಬಾವುಟ ಏರಿಸಿದ. ಕದನಗಳ ವಿವರ ಇಲ್ಲಿ ಬೇಡ. ಪಾರ್ಲಿಮೆಂಟ್ ಗೆದ್ದದ್ದು ಲಂಡನ್ ನಗರ, ನೌಕಾಪಡೆ, ಶ್ರೀಮಂತವಾದ ಆಗ್ನೇಯ ಸೀಮೆ ಅದರ ಕೈಲಿದ್ದದ್ದರಿಂದ. ಅಲ್ಲಿನ ಹಣದಿಂದ 1645ರಲ್ಲಿ ಕಟ್ಟಿದ ಹೊಸ ಮಾದರಿ ಸೇನೆಯಿಂದ. ಅದೇ ವರ್ಷದ ಜೂನ್ 14ರಂದು ನೇಸ್ಬಿಯಲ್ಲಿ ದೊರೆಯ ದಂಡು ಮುರಿಯಿತು. ಆದರೆ ಹಣ ಬಂದ ದಾರಿ ನೋಡಿ. 1643ರಲ್ಲಿ ಪಿಮ್ ಬಿಯರಿನಂಥ ದಿನಬಳಕೆಯ ವಸ್ತುಗಳ ಮೇಲೆ ಅಬಕಾರಿ ಸುಂಕ ತಂದ. ಕೌಂಟಿಗಳಿಗೆ ಇಡಿಗಂಟು ಗೊತ್ತುಮಾಡುವ ಶಿಪ್ ಮನಿಯ ವಿಧಾನವನ್ನೇ ಎತ್ತಿಕೊಂಡು ಪಾರ್ಲಿಮೆಂಟ್ ಭೂತೆರಿಗೆ ಹಾಕಿತು. 1649ರಲ್ಲಿ ಅದು ತಿಂಗಳಿಗೆ 90,000 ಪೌಂಡ್. ಶಿಪ್ ಮನಿ ವರ್ಷಕ್ಕೆ 2 ಲಕ್ಷ, ಇದು ವರ್ಷಕ್ಕೆ ಹತ್ತು ಲಕ್ಷದ ಮೇಲೆ. ಜನ ಕೊಟ್ಟರು, ನರಳಿದರು, ಆದರೆ ಕೊಟ್ಟರು.

ಸೋತ ದೊರೆಯ ಜೊತೆ ರಾಜಿ ಮಾಡಿಕೊಳ್ಳಲು ಬಹುಪಾಲು ಸದಸ್ಯರು ಸಿದ್ಧರಿದ್ದರು, ಸೇನೆ ಬಿಡಲಿಲ್ಲ. 1648ರ ಡಿಸೆಂಬರ್ 6ರಂದು ಕರ್ನಲ್ ಪ್ರೈಡ್ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತು ರಾಜಿಪರರನ್ನು ತಡೆದ. ಉಳಿದ ಸಭೆ ದೊರೆಯ ವಿಚಾರಣೆಗೆ 135 ಮಂದಿಯನ್ನು ನೇಮಿಸಿತು; ಮರಣದಂಡನೆಯ ಆದೇಶಕ್ಕೆ ಸಹಿ ಹಾಕಿದವರು 59. ಯಾವ ಕಾನೂನಿನ ಮೇಲೆ ನನ್ನನ್ನು ಇಲ್ಲಿಗೆ ತಂದಿರಿ ಎಂದು ಚಾರ್ಲ್ಸ್ ಕೇಳಿದ ಪ್ರಶ್ನೆಗೆ ಆ ನ್ಯಾಯಾಲಯ ಉತ್ತರ ಕೊಡಲಾಗಲಿಲ್ಲ. 1649ರ ಜನವರಿ 30ರಂದು ವೈಟ್‌ಹಾಲ್‌ನ ಬ್ಯಾಂಕ್ವೆಟಿಂಗ್ ಹೌಸ್ ಮುಂದೆ ತಲೆ ಕಡಿದರು. ಹಳೆಯ ದಾಖಲೆಗಳಲ್ಲಿ ಇದು 1648 ಎಂದಿದ್ದರೆ ಗಾಬರಿ ಬೇಡ. ಆಗ ಇಂಗ್ಲೆಂಡಿನ ಕಾನೂನು ಪ್ರಕಾರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ.

ದೊರೆ ಹೋದ, ಜಗಳ ಹೋಗಲಿಲ್ಲ. ಸೇನೆಯ ನಾಯಕ ಆಲಿವರ್ ಕ್ರಾಮ್‌ವೆಲ್ 1653ರ ಏಪ್ರಿಲ್ 20ರಂದು ಸೈನಿಕರನ್ನು ತಂದು ಅದೇ ಪಾರ್ಲಿಮೆಂಟನ್ನು ಓಡಿಸಿದ. ಚಾರ್ಲ್ಸ್ ಹಿಡಿಯಲು ಹೋಗಿ ಸೋತದ್ದನ್ನು ಇವನು ನಿಮಿಷಗಳಲ್ಲಿ ಮುಗಿಸಿದ. ಹೊಸ ಸಭೆಗಳು ಸೇನೆಯ ಖರ್ಚು ಕಡಿತ ಮಾಡಿ ಎಂದವು. ಸೇನೆಯಿಲ್ಲದೆ ಅವನು ನಿಲ್ಲುವಂತಿರಲಿಲ್ಲ. ಸಭೆಗಳು ಒಂದಾದ ಮೇಲೊಂದು ಮುಚ್ಚಿದವು. ದುಡ್ಡು ಯಾರದು, ದಂಡು ಯಾರದು ಎಂಬ ಪ್ರಶ್ನೆಗೆ ಕಿರೀಟ ಇದ್ದರೇನು, ಇಲ್ಲದಿದ್ದರೇನು ಎಂದು ಆ ಹತ್ತು ವರ್ಷ ತೋರಿಸಿಕೊಟ್ಟವು. ಹಾಗೆಂದು ಪಾರ್ಲಿಮೆಂಟನ್ನು ಜನತಂತ್ರ ಎಂದುಕೊಳ್ಳುವುದೂ ತಪ್ಪು. ಕೌಂಟಿಗಳಲ್ಲಿ ಮತ ಇದ್ದದ್ದು ವರ್ಷಕ್ಕೆ 40 ಶಿಲಿಂಗ್ ಹುಟ್ಟುವ ಸ್ವಂತ ಭೂಮಿ ಇದ್ದವರಿಗೆ. ಕಡುಬಡವನಿಗೂ ಮತ ಬೇಕು ಎಂದು 1647ರಲ್ಲಿ ಲಂಡನ್ ಬಳಿಯ ಪಟ್ನಿಯ ಚರ್ಚಿನಲ್ಲಿ ಸೇರಿದ ಸೇನೆಯ ಸಭೆಯಲ್ಲಿ ಕರ್ನಲ್ ರೇನ್ಸ್‌ಬರೋ ವಾದಿಸಿದಾಗ ಕ್ರಾಮ್‌ವೆಲ್‌ನ ಅಳಿಯ ಐರ್‌ಟನ್ ಅದನ್ನು ಬಲವಾಗಿ ವಿರೋಧಿಸಿದ.

1660ರಲ್ಲಿ ತಲೆ ಕಳೆದುಕೊಂಡ ದೊರೆಯ ಮಗ ಎರಡನೇ ಚಾರ್ಲ್ಸ್ ಸಿಂಹಾಸನಕ್ಕೆ ಮರಳಿದಾಗ ಪಾರ್ಲಿಮೆಂಟ್ ವರ್ಷಕ್ಕೆ 12 ಲಕ್ಷ ಪೌಂಡ್ ಆದಾಯ ಗೊತ್ತುಮಾಡಿತು. ಪೋಷಕತ್ವದ ಹಕ್ಕು ಶಾಶ್ವತವಾಗಿ ಹೋಯಿತು, ಬದಲಿಗೆ ಅಬಕಾರಿ ಬಂತು. ಅಂದಾಜು ತಪ್ಪಿ ಆದಾಯ ಕಡಿಮೆ ಬಿದ್ದಾಗ 1662ರಲ್ಲಿ ಒಲೆ ತೆರಿಗೆ ತಂದರು, ಒಂದೊಂದು ಒಲೆಗೂ ವರ್ಷಕ್ಕೆ 2 ಶಿಲಿಂಗ್. ಒಲೆ ಎಣಿಸಲು ಅಧಿಕಾರಿ ಮನೆಯ ಒಳಕೋಣೆಗೇ ಬರುತ್ತಿದ್ದದ್ದರಿಂದ ಅದನ್ನು ಜನ ಶಪಿಸಿದಷ್ಟು ಬೇರೆ ಯಾವುದನ್ನೂ ಶಪಿಸಲಿಲ್ಲ. ಇದೇ ದೊರೆಗೆ ಪೋರ್ಚುಗಲ್ ರಾಜಕುಮಾರಿಯ ವರದಕ್ಷಿಣೆಯಾಗಿ ಬಂದ ಬೊಂಬಾಯಿಯನ್ನು ಅವನು 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. 1672ರಲ್ಲಿ ಖಜಾನೆಯ ಸಾಲ ತೀರುವಳಿಯನ್ನೇ ನಿಲ್ಲಿಸಿಬಿಟ್ಟಾಗ ಲಂಡನ್ನಿನ ಸಾಹುಕಾರರ 13 ಲಕ್ಷ ಪೌಂಡ್‌ವರೆಗಿನ ಹಣ ಸಿಕ್ಕಿಬಿತ್ತು. ಆದರೆ 1680ರ ದಶಕದಲ್ಲಿ ವ್ಯಾಪಾರ ಕುದುರಿ ಸುಂಕ ಏರಿತು. ಕೊನೆಯ ನಾಲ್ಕು ವರ್ಷ ಅವನು ಪಾರ್ಲಿಮೆಂಟ್ ಇಲ್ಲದೆ ಆಳಿದ. 1685ರಲ್ಲಿ ಅವನ ತಮ್ಮ ಎರಡನೇ ಜೇಮ್ಸ್ ಬಂದಾಗ ರಾಜನಿಷ್ಠರೇ ತುಂಬಿದ್ದ ಸಭೆ ಅವನಿಗೆ ಆದಾಯವನ್ನು ಜೀವಮಾನಕ್ಕೆ ಬರೆದುಕೊಟ್ಟಿತು. ಅದು ವರ್ಷಕ್ಕೆ ಸುಮಾರು 20 ಲಕ್ಷ ಪೌಂಡ್ ಮುಟ್ಟಿತು. 1610ರ ಸದಸ್ಯರ ಭಯ ನಿಜವಾಯಿತು: 1685ರ ನವೆಂಬರ್ ಆದಮೇಲೆ ಜೇಮ್ಸ್ ಸಭೆಯನ್ನು ಕೂಡಿಸಲೇ ಇಲ್ಲ. ಕ್ಯಾಥೊಲಿಕ್ ಅಧಿಕಾರಿಗಳಿದ್ದ ದೊಡ್ಡ ಸೇನೆ ಕಟ್ಟಿದ, ಕಾನೂನುಗಳಿಗೆ ತಾನೇ ವಿನಾಯಿತಿ ಕೊಟ್ಟ, ಅದನ್ನು ಪ್ರಶ್ನಿಸಿದ ಏಳು ಬಿಷಪ್ಪರನ್ನು ಕಟಕಟೆಗೆ ಹತ್ತಿಸಿದ. 1688ರ ಜೂನ್‌ನಲ್ಲಿ ಗಂಡುಮಗು ಹುಟ್ಟಿ ಕ್ಯಾಥೊಲಿಕ್ ವಂಶ ಮುಂದುವರಿಯುವುದು ಖಚಿತವಾದಾಗ ಏಳು ಮಂದಿ ಪ್ರಮುಖರು ಅವನ ಅಳಿಯ, ಹಾಲೆಂಡಿನ ವಿಲಿಯಂಗೆ ಓಲೆ ಬರೆದರು. ನವೆಂಬರ್ 5ರಂದು ವಿಲಿಯಂ ದಂಡಿನೊಂದಿಗೆ ಟೋರ್‌ಬೇಯಲ್ಲಿ ಇಳಿದ. ಜೇಮ್ಸ್ ರಾಜಮುದ್ರೆಯನ್ನು ಥೇಮ್ಸ್ ನದಿಗೆ ಎಸೆದು ಓಡಿದ, ವಿಲಿಯಂ ಪಟ್ಟಕ್ಕೆ ಬಂದ. ಇದನ್ನು ರಕ್ತರಹಿತ ಕ್ರಾಂತಿ ಎನ್ನುವುದು ಇಂಗ್ಲೆಂಡಿನ ಮಟ್ಟಿಗೆ ಹೆಚ್ಚುಕಡಿಮೆ ಸರಿ. ಐರ್ಲೆಂಡಿನಲ್ಲಿ ಮುಂದಿನ ಮೂರು ವರ್ಷ ರಕ್ತ ಹರಿಯಿತು.

ಈಗ ಒಗಟಿಗೆ ಬರೋಣ. 1689ರ ಹಕ್ಕುಗಳ ಮಸೂದೆಯ ಮಾತು ಬಹುಪಾಲು ಹಳೆಯದೇ. ಹೊಸದಾಗಿ ಬಂದದ್ದು ಅದರ ಸುತ್ತಲಿನ ಬೀಗಗಳು. ಶಾಂತಿಯ ಕಾಲದಲ್ಲಿ ಪಾರ್ಲಿಮೆಂಟ್ ಒಪ್ಪದೆ ಸೇನೆ ಇಡಕೂಡದು ಎಂದದ್ದಷ್ಟೇ ಆಗಿದ್ದರೆ ಅದೂ 1628ರ ಹಾದಿ ಹಿಡಿಯುತ್ತಿತ್ತು. ಜೊತೆಗೆ ದಂಗೆ ಕಾಯ್ದೆ ಬಂತು. ದಂಡು ಬಿಟ್ಟು ಓಡಿದ ಸೈನಿಕನನ್ನು ಸೇನಾ ನ್ಯಾಯಾಲಯದಲ್ಲಿ ಶಿಕ್ಷಿಸುವ ಅಧಿಕಾರ ದೊರೆಗೆ ಸಿಗುವುದು ಈ ಕಾಯ್ದೆಯಿಂದ, ಅದೂ ವಾಯಿದೆಯ ಮೇಲೆ. ಮೊದಲನೆಯದರ ಆಯುಸ್ಸು 1689ರ ನವೆಂಬರ್‌ವರೆಗೆ ಮಾತ್ರ. ಆಮೇಲೆ ನಡುವೆ ಕೆಲವೊಮ್ಮೆ ತಪ್ಪಿದರೂ, 18ನೇ ಶತಮಾನದಲ್ಲಿ ವರ್ಷವರ್ಷವೂ ನವೀಕರಣ. ಸಭೆ ಸೇರದಿದ್ದರೆ ಶಿಸ್ತಿನ ಕಾನೂನೇ ಬಿದ್ದುಹೋಗುತ್ತದೆ.

ಹಣದ ಬೀಗ ಇನ್ನೂ ಗಟ್ಟಿ. 1690ರಲ್ಲಿ ಬಂದರು ಸುಂಕವನ್ನು ವಿಲಿಯಂಗೆ ಕೊಟ್ಟದ್ದು ನಾಲ್ಕೇ ವರ್ಷಕ್ಕೆ. ತನ್ನನ್ನು ನಂಬುತ್ತಿಲ್ಲ ಎಂದು ಅವನು ಕೋಪಗೊಂಡ. ಸದಸ್ಯರು 1685ರ ಪಾಠ ಮರೆತಿರಲಿಲ್ಲ. ಫ್ರಾನ್ಸ್ ಮೇಲಿನ ಯುದ್ಧ ವರ್ಷಕ್ಕೆ 50 ಲಕ್ಷ ಪೌಂಡಿಗೂ ಮಿಕ್ಕಿ ನುಂಗುತ್ತಿತ್ತು. ಅಷ್ಟು ಹಣ ಬೇಕೆಂದರೆ ಪ್ರತಿ ವರ್ಷ ಸಭೆ ಕರೆಯಲೇಬೇಕು. 1689ರಿಂದ ಪಾರ್ಲಿಮೆಂಟ್ ಸೇರದ ವರ್ಷವೇ ಇಲ್ಲ. 1691ರಿಂದ ಸದಸ್ಯರ ಸಮಿತಿಯೊಂದು ಖರ್ಚಿನ ಲೆಕ್ಕಪತ್ರ ತಿರುವಿಹಾಕತೊಡಗಿತು. 1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಸ್ಥಾಪಿಸಿ ಶೇಕಡಾ 8ರ ಬಡ್ಡಿಗೆ 12 ಲಕ್ಷ ಪೌಂಡ್ ಎತ್ತಿದಾಗ ಹನ್ನೆರಡೇ ದಿನದಲ್ಲಿ ಚಂದಾ ತುಂಬಿತು. 1672ರಲ್ಲಿ ಕೈಸುಟ್ಟುಕೊಂಡ ಅದೇ ಲಂಡನ್ ಪೇಟೆ ಈಗ ಹಣ ಸುರಿದದ್ದು ಯಾಕೆಂದರೆ, ಬಡ್ಡಿಗೆ ಒತ್ತೆ ಇದ್ದದ್ದು ದೊರೆಯ ಮಾತಲ್ಲ, ಪಾರ್ಲಿಮೆಂಟ್ ಪಾಸುಮಾಡಿದ ನಿರ್ದಿಷ್ಟ ಸುಂಕ. 1698ರಲ್ಲಿ ಅರಮನೆ ಮತ್ತು ನಾಗರಿಕ ಆಡಳಿತದ ವೆಚ್ಚಕ್ಕೆ ವರ್ಷಕ್ಕೆ 7 ಲಕ್ಷ ಪೌಂಡ್ ಬೇರೆ ಇಟ್ಟು, ಸೇನೆಯ ಖರ್ಚನ್ನು ಪಾರ್ಲಿಮೆಂಟ್ ತನ್ನ ಹತೋಟಿಯಲ್ಲಿ ಇಟ್ಟುಕೊಂಡಿತು. ಹ್ಯಾಂಪ್ಡೆನ್‌ನನ್ನು ಸೋಲಿಸಿದ್ದ ಕೊನೆಯ ಸಂದು ಮುಚ್ಚಿದ್ದು 1701ರ ಉತ್ತರಾಧಿಕಾರ ಕಾಯ್ದೆ: ಇನ್ನು ಮುಂದೆ ನ್ಯಾಯಾಧೀಶರು ನಡತೆ ಸರಿಯಿರುವವರೆಗೆ ಕುರ್ಚಿಯಲ್ಲಿರುತ್ತಾರೆ, ತೆಗೆಯಬೇಕಾದರೆ ಎರಡೂ ಸದನಗಳು ಕೇಳಬೇಕು.

ನಮ್ಮ ಸಂವಿಧಾನದ 265ನೇ ವಿಧಿ ಒಂದೇ ವಾಕ್ಯದ್ದು: ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸತಕ್ಕದ್ದಲ್ಲ, ವಸೂಲಿ ಮಾಡತಕ್ಕದ್ದಲ್ಲ. ಅದು 1628ರ ಮಾತು. 1690ರ ದಶಕದ ಬೀಗ ಇರುವುದು 204 ಮತ್ತು 206ನೇ ವಿಧಿಗಳಲ್ಲಿ. ವಿಧಾನಸೌಧದಲ್ಲಿ ಧನವಿನಿಯೋಗ ಮಸೂದೆ ಪಾಸಾಗದೆ ರಾಜ್ಯದ ಸಂಚಿತ ನಿಧಿಯಿಂದ ಹಣ ತೆಗೆಯುವಂತಿಲ್ಲ, ಪಾಸಾದದ್ದಕ್ಕೂ ಆಯುಸ್ಸು ಮಾರ್ಚ್ 31ರವರೆಗೆ. ಪೂರ್ಣ ಬಜೆಟ್‌ಗೆ ಮೊದಲೇ ಆ ದಿನ ಬಂದುಬಿಟ್ಟರೆ ಲೇಖಾನುದಾನ, ಅಂದರೆ ತಾತ್ಕಾಲಿಕ ಖರ್ಚಿಗೆ ಒಪ್ಪಿಗೆ ತೆಗೆದುಕೊಳ್ಳುತ್ತಾರೆ, ಇಲ್ಲವಾದರೆ ಏಪ್ರಿಲ್ 1ರ ನಂತರ ಸರ್ಕಾರಕ್ಕೆ ಒಂದು ಕಚೇರಿಯ ಸಂಬಳ ಬಟವಾಡೆ ಮಾಡಲೂ ಅಧಿಕಾರ ಇರುವುದಿಲ್ಲ.